ಕಾರ್ಡ್ ಉಜ್ಜಿ ಕೊಂಡ ಡಾಲರ್ ನಾಣ್ಯ: ಪಾಯಿಂಟ್‌ನ ದುಡ್ಡು ಕೊಟ್ಟವರು ಯಾರು?

ಅಮೆರಿಕದ ಟಂಕಸಾಲೆ, ಅಂದರೆ ಯುಎಸ್ ಮಿಂಟ್, 2008ರ ಜೂನ್‌ನಲ್ಲಿ ಜನರ ಮನೆಗೇ ಹಣ ಮಾರಲು ಶುರು ಮಾಡಿತು. ಅದೂ ಮುಖಬೆಲೆಗೆ. 250 ಡಾಲರ್ ಕೊಟ್ಟರೆ ಒಂದು ಡಾಲರಿನ 250 ನಾಣ್ಯಗಳಿರುವ ಪೆಟ್ಟಿಗೆ ಬಾಗಿಲಿಗೆ ಬರುತ್ತಿತ್ತು. ಸಾಗಣೆ ಖರ್ಚು ಸರ್ಕಾರದ್ದೇ. ಕ್ರೆಡಿಟ್ ಕಾರ್ಡೂ ನಡೆಯುತ್ತಿತ್ತು. ಈ ಮೂರೂ ಒಂದೇ ಕಡೆ ಸೇರಿದ್ದೇ ಎಡವಟ್ಟಾಯಿತು.

ವಿಮಾನದ ಮೈಲು (ಕಾರ್ಡಿನಲ್ಲಿ ಖರ್ಚು ಮಾಡಿದ ಡಾಲರಿಗೆ ಒಂದರಂತೆ ಸಿಗುವ, ಕೂಡಿಟ್ಟು ಟಿಕೆಟ್ ಪಡೆಯಬಹುದಾದ ಪಾಯಿಂಟ್), ಕ್ಯಾಶ್‌ಬ್ಯಾಕ್ ಅಂತ ಲೆಕ್ಕ ಹಾಕಿ ಹಾಕಿ ಪಳಗಿದವರಿಗೆ ಇದು ಕಣ್ಣಿಗೆ ಬೀಳಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಕಾರ್ಡ್‌ನಲ್ಲಿ ಸಾವಿರ ಡಾಲರ್ ನಾಣ್ಯ ತರಿಸು. ಪೆಟ್ಟಿಗೆ ಬಂದ ಕೂಡಲೇ ಬ್ಯಾಂಕಿಗೆ ಹೊತ್ತುಕೊಂಡು ಹೋಗಿ ಖಾತೆಗೆ ಕಟ್ಟು. ಕಾರ್ಡ್ ಬಿಲ್ ಬಂದಾಗ ಅದೇ ದುಡ್ಡಿನಲ್ಲಿ ತೀರಿಸು. ಕೈಯಿಂದ ಹೋದದ್ದು ಸೊನ್ನೆ, ಬಂದದ್ದು ಸಾವಿರ ಮೈಲು. ಮತ್ತೆ ಆರ್ಡರ್ ಮಾಡು. ಬೇಕಾದ ಬಂಡವಾಳ ಅಂದರೆ ಒಂದು ಕಾರು, ಗಟ್ಟಿಯಾದ ಸೊಂಟ, ಬ್ಯಾಂಕಿನ ಕೌಂಟರ್‌ನಲ್ಲಿ ಕೂತವರ ಮುಖಭಾವ ಸಹಿಸುವ ತಾಳ್ಮೆ, ಇಷ್ಟೇ.

ಸೊಂಟದ ಮಾತು ತಮಾಷೆಗೆ ಹೇಳಿದ್ದಲ್ಲ. ಒಂದು ಡಾಲರ್ ನಾಣ್ಯದ ತೂಕ 8.1 ಗ್ರಾಂ. ಒಂದು ಪೆಟ್ಟಿಗೆ ಎರಡು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಆಗ ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ದೇಶದೊಳಗೆ ಹೋಗಿ ಬರುವ ಒಂದು ಉಚಿತ ಟಿಕೆಟ್‌ಗೆ ಸಾಮಾನ್ಯವಾಗಿ 25,000 ಮೈಲು ಬೇಕಿತ್ತು. ಅಷ್ಟು ಮೈಲು ಬರೀ ನಾಣ್ಯದಲ್ಲೇ ಸಂಪಾದಿಸಬೇಕು ಅಂದರೆ ನೂರು ಪೆಟ್ಟಿಗೆ, 202 ಕೆ.ಜಿ. ಲೋಹ ಹೊರಬೇಕು. ಆದರೂ ಹೊತ್ತವರು ಹೊತ್ತರು. ಲಕ್ಷಗಟ್ಟಲೆ ಡಾಲರಿನ ನಾಣ್ಯ ತರಿಸಿದವರೂ ಇದ್ದರು ಅಂತ 2009ರ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು.

ಹಾಗಾದರೆ ಕಾರ್ಡ್ ಕಂಪನಿಗಳು ಯಾಕೆ ಸುಮ್ಮನಿದ್ದವು? ಕಾರ್ಡಿನಿಂದ ನಗದು ತೆಗೆದರೆ ಶುಲ್ಕ ಬೀಳುತ್ತದೆ, ಮೊದಲ ದಿನದಿಂದಲೇ ಬಡ್ಡಿ ಏರುತ್ತದೆ, ಪಾಯಿಂಟ್ ಬರುವುದಿಲ್ಲ. ಕ್ಯಾಸಿನೊ ಚಿಪ್ಸ್, ಟ್ರಾವೆಲರ್ಸ್ ಚೆಕ್‌ನಂಥವನ್ನೂ ಬಹಳಷ್ಟು ಬ್ಯಾಂಕುಗಳು ನಗದಿನ ಸಾಲಿಗೇ ಸೇರಿಸುತ್ತವೆ. ಆದರೆ ಟಂಕಸಾಲೆ ಅನ್ನುವುದು ಕಾರ್ಡ್ ಜಾಲದ ಕಣ್ಣಿಗೆ ಒಂದು ಅಂಗಡಿ. ವರ್ಷವಿಡೀ ಸಂಗ್ರಹಕಾರರಿಗೆ ಬೆಳ್ಳಿ ನಾಣ್ಯ, ಉಡುಗೊರೆ ಸೆಟ್ ಮಾರುವ ಜಾಗ. ಅಲ್ಲಿ ಕೊಂಡದ್ದೆಲ್ಲ 'ಖರೀದಿ' ಅಂತಲೇ ದಾಖಲಾಗುತ್ತಿತ್ತು. ಪೆಟ್ಟಿಗೆಯೊಳಗೆ ಇರುವುದು ಸಾಮಾನಲ್ಲ, ನಗದು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು!

ಸರ್ಕಾರಕ್ಕೆ ಇದೆಲ್ಲ ಯಾಕೆ ಬೇಕಿತ್ತು ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಅಮೆರಿಕನ್ನರು ಡಾಲರ್ ನಾಣ್ಯವನ್ನು ಮುಟ್ಟುವುದಿಲ್ಲ ಅನ್ನುವುದು ಹಳೇ ಕಥೆ. 1979ರಲ್ಲಿ ಮಹಿಳಾ ಮತದಾನದ ಹೋರಾಟಗಾರ್ತಿ ಸೂಸನ್ ಬಿ. ಆಂಟನಿಯ ಮುಖವಿದ್ದ ನಾಣ್ಯ ಬಂತು. ಬಣ್ಣವೂ ಗಾತ್ರವೂ ಹೆಚ್ಚುಕಡಿಮೆ ಕಾಲು ಡಾಲರ್ ನಾಣ್ಯದ ಹಾಗೇ ಇತ್ತು. ಒಂದರ ಬದಲು ಇನ್ನೊಂದು ಕೊಟ್ಟು ಕೈ ಸುಟ್ಟುಕೊಂಡವರು ಅದನ್ನು ದೂರ ಇಟ್ಟರು. 2000ದಲ್ಲಿ ಮೂಲನಿವಾಸಿ ಮಹಿಳೆ ಸಕಾಗವಿಯ ಮುಖವಿದ್ದ ಚಿನ್ನದ ಬಣ್ಣದ ನಾಣ್ಯ ಬಂತು. ವಾಲ್‌ಮಾರ್ಟ್ ಅಂಗಡಿಗಳ ಮೂಲಕ ಹಂಚಿದರು, ಚೀರಿಯೋಸ್ ಅನ್ನುವ ಬೆಳಗಿನ ತಿಂಡಿಯ ಡಬ್ಬದಲ್ಲಿ ಇಟ್ಟು ಕೊಟ್ಟರು. ಜನ ತಗೊಂಡರು, ಚೆಂದ ಇದೆ ಅಂದರು, ಡ್ರಾಯರ್‌ಗೆ ಹಾಕಿ ಮರೆತರು. ಎರಡೇ ವರ್ಷದಲ್ಲಿ ಚಲಾವಣೆಗೆ ಅಂತ ಅದನ್ನು ಅಚ್ಚು ಹಾಕುವುದೇ ನಿಂತಿತು.

ಆದರೆ ಅದೇ ಹೊತ್ತಿಗೆ, 1999ರಿಂದ 2008ರವರೆಗೆ, ಒಂದೊಂದು ರಾಜ್ಯದ ಚಿತ್ರವಿರುವ ಕಾಲು ಡಾಲರ್ ನಾಣ್ಯಗಳು ಭರ್ಜರಿಯಾಗಿ ಓಡಿದವು. ಮಕ್ಕಳೆಲ್ಲ ಸಂಗ್ರಹಿಸಿದರು. ಇದನ್ನು ನೋಡಿದ ಸಂಸತ್ತಿಗೆ ಒಂದು ಆಸೆ ಹುಟ್ಟಿತು. 2005ರಲ್ಲಿ ಕಾನೂನು ಮಾಡಿತು. 2007ರಿಂದ ವರ್ಷಕ್ಕೆ ನಾಲ್ಕು ಅಧ್ಯಕ್ಷರಂತೆ, ಜಾರ್ಜ್ ವಾಷಿಂಗ್ಟನ್‌ನಿಂದ ಶುರು ಮಾಡಿ ಸಾಲಾಗಿ, ತೀರಿಕೊಂಡ ಅಧ್ಯಕ್ಷರೆಲ್ಲರ ಮುಖವಿರುವ ಡಾಲರ್ ನಾಣ್ಯ. ಜೊತೆಗೆ ಹಾಕುವ ಒಟ್ಟು ಡಾಲರ್ ನಾಣ್ಯಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸಕಾಗವಿಯದೇ ಇರಬೇಕು ಅನ್ನುವ ಷರತ್ತು, ಆಮೇಲೆ ಇದನ್ನು 20 ಪರ್ಸೆಂಟಿಗೆ ಇಳಿಸಿದರು. ಯಾರು ಕೇಳಲಿ ಬಿಡಲಿ, ಅಚ್ಚು ಹಾಕಲೇಬೇಕು. ನಾಣ್ಯ ಓಡಲು ಇರುವ ಅಡ್ಡಿಗಳನ್ನು ನಿವಾರಿಸುವ ಕೆಲಸವನ್ನೂ ಟಂಕಸಾಲೆಯ ತಲೆಗೇ ಕಟ್ಟಿದರು. ಮನೆಗೆ ಪೆಟ್ಟಿಗೆ ಕಳಿಸುವ ಯೋಜನೆ ಹುಟ್ಟಿದ್ದು ಈ ಒತ್ತಡದಲ್ಲಿ. ಬ್ಯಾಂಕುಗಳು ಡಾಲರ್ ನಾಣ್ಯ ಇಟ್ಟುಕೊಳ್ಳುವುದಿಲ್ಲ, ಸರಿ, ನಾವೇ ನೇರ ಜನರಿಗೆ ಕೊಡೋಣ ಅಂತ.

ಯೋಚನೆ ಕೆಟ್ಟದ್ದಲ್ಲ. ಆದರೆ ಟಂಕಸಾಲೆ 'ನಮ್ಮ ಗೋದಾಮಿನಿಂದ ಹೊರಗೆ ಹೋಯಿತು' ಅನ್ನುವುದನ್ನೇ 'ಚಲಾವಣೆಗೆ ಬಂತು' ಅಂತ ಲೆಕ್ಕ ಹಿಡಿಯಿತು. ಎರಡೂ ಒಂದೇ ಅಲ್ಲ ಅಲ್ವಾ?

ಬ್ಯಾಂಕಿಗೆ ಪೆಟ್ಟಿಗೆ ಸಮೇತ ಕಟ್ಟಿ ಬಂದವರ ವಿಷಯ ಬಿಡಿ, ಅದು ಸರಳ. ನನಗೆ ಕುತೂಹಲ ಇರುವುದು ಇನ್ನೊಂದು ಗುಂಪಿನ ಬಗ್ಗೆ. ಇವರು ಸ್ವಲ್ಪ ನಿಯತ್ತಿನವರು. ಸರ್ಕಾರ ಕೊಟ್ಟದ್ದು ಖರ್ಚು ಮಾಡಲಿ ಅಂತ, ನಾವು ಖರ್ಚೇ ಮಾಡುತ್ತೇವೆ, ಮೈಲು ಬಂದರೆ ಅದು ನಮ್ಮ ಕೂಲಿ ಅನ್ನುವವರು. ಕಿರಾಣಿ ಅಂಗಡಿ, ಲಾಂಡ್ರಿ ಯಂತ್ರ, ಬಸ್ಸು, ಹೋಟೆಲಿನ ಟಿಪ್ಸ್, ಎಲ್ಲ ಕಡೆ ಚಿನ್ನದ ಬಣ್ಣದ ನಾಣ್ಯ ಎಣಿಸಿ ಕೊಟ್ಟವರು. ಇವರ ಲೆಕ್ಕ ಎಷ್ಟರ ಮಟ್ಟಿಗೆ ಕೂಡುತ್ತದೆ ನೋಡೋಣ.

ಒಬ್ಬರು ತಿಂಗಳಿಗೆ 500 ಡಾಲರ್ ನಗದು ಖರ್ಚು ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ಅಷ್ಟನ್ನೂ ನಾಣ್ಯದಲ್ಲೇ ಮಾಡಿದರೆ ತಿಂಗಳಿಗೆ ಎರಡು ಪೆಟ್ಟಿಗೆ, ನಾಲ್ಕು ಕೆ.ಜಿ. ಯೋಜನೆಯಲ್ಲಿ ಕಾರ್ಡ್ ನಡೆದದ್ದು 2008ರ ಜೂನ್‌ನಿಂದ 2011ರ ಜುಲೈವರೆಗೆ, ಸುಮಾರು 37 ತಿಂಗಳು. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದು ತಿಂಗಳೂ ಬಿಡದೆ ಮಾಡಿದರೂ 18,500 ಮೈಲು. ಆ 25,000 ಮೈಲಿನ ಟಿಕೆಟ್ ಒಂದೂ ಬರಲಿಲ್ಲ! ಅಂದರೆ ನಿಜವಾಗಿ ಖರ್ಚು ಮಾಡುವವರಿಗೆ ಈ ದಾರಿಯಲ್ಲಿ ದೊಡ್ಡ ಗಂಟೇನೂ ಸಿಗುವಂತಿರಲಿಲ್ಲ. ದೊಡ್ಡ ಗಂಟು ಇದ್ದದ್ದು ಬ್ಯಾಂಕಿಗೆ ವಾಪಸ್ ಕಟ್ಟಿದವರಿಗೇ. ಹೊಸ ಕಾರ್ಡ್ ತಗೊಂಡು, ಮೂರು ತಿಂಗಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿದರೆ ಇಷ್ಟು ಬೋನಸ್ ಅನ್ನುವ ಗುರಿ ಮುಟ್ಟಲು ಒದ್ದಾಡುತ್ತಿದ್ದವರಿಗೆ ಮಾತ್ರ ಹತ್ತಿಪ್ಪತ್ತು ಪೆಟ್ಟಿಗೆಯಲ್ಲೇ ಕೆಲಸ ಆಗುತ್ತಿತ್ತು.

ಇನ್ನೂ ಒಂದು ಸೂಕ್ಷ್ಮ ಇದೆ. ಆ ಕಿರಾಣಿ ಅಂಗಡಿಯಲ್ಲಿ ಕಾರ್ಡ್ ನಡೆಯುತ್ತಿದ್ದರೆ, ನೇರ ಕಾರ್ಡ್ ಉಜ್ಜಿದ್ದರೂ ಅಷ್ಟೇ ಮೈಲು ಬರುತ್ತಿತ್ತು. ನಾಣ್ಯ ತರಿಸಿ, ಬಿಚ್ಚಿ, ಜೇಬಲ್ಲಿ ತುಂಬಿಕೊಂಡು ಹೋಗಿ, ಹಿಂದೆ ನಿಂತವರು ಗೊಣಗುವಾಗ ಒಂದೊಂದೇ ಎಣಿಸಿ ಕೊಟ್ಟದ್ದಕ್ಕೆ ಹೆಚ್ಚಿಗೆ ಸಿಕ್ಕಿದ್ದು ಏನೂ ಇಲ್ಲ. ನಿಜವಾದ ಲಾಭ ಇದ್ದದ್ದು ಕಾರ್ಡ್ ನಡೆಯದ ಕಡೆ ಮಾತ್ರ: ಮಗು ನೋಡಿಕೊಳ್ಳುವವರ ಕೂಲಿ, ರೈತರ ಸಂತೆ, ನಾಣ್ಯದ ಲಾಂಡ್ರಿ, ನಗದು ಕೇಳುವ ಮನೆ ಮಾಲೀಕರು. ಆಮೇಲೆ ಪೆಟ್ರೋಲ್ ಬಂಕ್. ಅಮೆರಿಕದ ಬಹಳಷ್ಟು ಬಂಕ್‌ಗಳಲ್ಲಿ ನಗದಿಗೆ ಒಂದು ದರ, ಕಾರ್ಡಿಗೆ ಕೆಲವು ಸೆಂಟ್ ಜಾಸ್ತಿ ಇನ್ನೊಂದು ದರ. ಡಾಲರ್ ನಾಣ್ಯ ಕೊಟ್ಟವರಿಗೆ ಅಲ್ಲಿ ನಗದಿನ ರಿಯಾಯಿತಿಯೂ ಸಿಕ್ಕಿತು, ಕಾರ್ಡಿನ ಪಾಯಿಂಟೂ ಸಿಕ್ಕಿತು. ಇಡೀ ಆಟದಲ್ಲಿ ನನಗೆ ತುಂಬ ಜಾಣತನ ಅನ್ನಿಸಿದ್ದು ಇದೇ.

ಈಗ ಆ ನಗದು ರಿಯಾಯಿತಿ ಯಾಕಿದೆ ಅಂತ ಕೇಳಿಕೊಂಡರೆ ಇಡೀ ಗುಟ್ಟು ಬಿಚ್ಚಿಕೊಳ್ಳುತ್ತದೆ. ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ಶುಲ್ಕ ಕೊಡಬೇಕು. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿಗೆ ಇದು ಸಾಮಾನ್ಯವಾಗಿ ಎರಡು ಪರ್ಸೆಂಟ್ ಆಸುಪಾಸು, ಕಾರ್ಡ್ ಎಷ್ಟು ಶ್ರೀಮಂತವೋ ಅಷ್ಟು ಜಾಸ್ತಿ. ಅದರ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಆ ಬ್ಯಾಂಕು ಅದರಲ್ಲಿ ಒಂದು ಭಾಗ ನಮಗೆ ಪಾಯಿಂಟ್ ಅಂತ ಕೊಡುತ್ತದೆ. ಅಂಗಡಿಯವರು ಆ ಶುಲ್ಕವನ್ನು ಸಾಮಾನಿನ ಬೆಲೆಯಲ್ಲಿ ಸೇರಿಸುತ್ತಾರೆ, ಹಾಗಾಗಿ ನಗದು ಕೊಡುವ ಬಡವರೂ ಕಾರ್ಡಿನವರ ಮೈಲಿಗೆ ಸ್ವಲ್ಪ ಸ್ವಲ್ಪ ದುಡ್ಡು ಹಾಕುತ್ತಿರುತ್ತಾರೆ. ಈ ಶುಲ್ಕದ ಮೇಲೆ ಅಂಗಡಿಯವರಿಗೂ ವೀಸಾ, ಮಾಸ್ಟರ್‌ಕಾರ್ಡ್‌ಗೂ 2005ರಿಂದ ಕೋರ್ಟಿನಲ್ಲಿ ಜಗಳ ನಡೆಯುತ್ತಲೇ ಇದೆ.

ಡಾಲರ್ ನಾಣ್ಯದ ವಿಷಯದಲ್ಲಿ ಅಂಗಡಿ ಅಂದರೆ ಸರ್ಕಾರವೇ. ಅದು ಬೆಲೆ ಏರಿಸುವ ಹಾಗಿಲ್ಲ, ಒಂದು ಡಾಲರಿಗೆ ಒಂದೇ ಡಾಲರ್. ಹಾಗಾಗಿ ಸಾವಿರ ಡಾಲರ್ ನಾಣ್ಯ ಮಾರಿದರೆ ಕೈಗೆ ಬರುತ್ತಿದ್ದದ್ದು ಅಂದಾಜು 980 ಡಾಲರ್, ಅದರಲ್ಲೇ ಎಂಟು ಕೆ.ಜಿ. ಪಾರ್ಸೆಲ್ ಕಳಿಸುವ ಖರ್ಚೂ ಹೋಗಬೇಕು. ನಿಯತ್ತಿನ ಗಿರಾಕಿ ಆ ನಾಣ್ಯವನ್ನು ಬಂಕ್‌ನಲ್ಲಿ ಕೊಟ್ಟಾಗ ಬಂಕ್ ಮಾಲೀಕನಿಗೆ ಕಾರ್ಡ್ ಶುಲ್ಕ ಉಳಿಯಿತು. ಆ ಶುಲ್ಕದ ಹೊರೆ ಎಲ್ಲಿಗೆ ಹೋಯಿತು? ಟಂಕಸಾಲೆಯ ಲೆಕ್ಕಕ್ಕೆ ಹೋಗಿ ಕೂತಿತು. ಗಿರಾಕಿಗೆ ಮೈಲು, ಬ್ಯಾಂಕಿಗೆ ಶುಲ್ಕ, ಬಂಕಿನವನಿಗೆ ಉಳಿತಾಯ, ಬಿಲ್ ಮಾತ್ರ ಖಜಾನೆಗೆ.

'ಆದರೂ ಸರ್ಕಾರಕ್ಕೆ ಲಾಭವೇ' ಅಂತ ವಾದ ಮಾಡುವವರು ಆಗ ಬಹಳ ಜನ ಇದ್ದರು. ವಾದ ಹೀಗೆ: ಒಂದು ಡಾಲರ್ ನಾಣ್ಯ ಮಾಡಲು ಆಗ ಸುಮಾರು 30 ಸೆಂಟ್ ಖರ್ಚು. ಮಾರುವುದು ಒಂದು ಡಾಲರಿಗೆ. 70 ಸೆಂಟ್ ಲಾಭ. ಅದರಲ್ಲಿ ಎರಡು ಸೆಂಟ್ ಕಾರ್ಡಿನವರಿಗೆ ಹೋದರೆ ಏನಾಯಿತು? ಕೇಳಲು ಚೆನ್ನಾಗಿದೆ. ಆದರೆ ಈ 70 ಸೆಂಟ್ ಉಳಿಯುವುದು ನಾಣ್ಯ ಜನರ ಕೈಯಲ್ಲೇ ಇದ್ದರೆ ಮಾತ್ರ. ನಾಣ್ಯ ಬ್ಯಾಂಕಿಗೆ ಬಂತು, ಬ್ಯಾಂಕಿಗೆ ಅದು ಬೇಡ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ಗೆ ಕಳಿಸಿತು, ಫೆಡರಲ್ ರಿಸರ್ವ್ ಪೂರ್ತಿ ಒಂದು ಡಾಲರ್ ಜಮಾ ಕೊಟ್ಟಿತು. ಅಲ್ಲಿಗೆ ಸರ್ಕಾರದ ಎಡಗೈ ಗಳಿಸಿದ್ದನ್ನು ಬಲಗೈ ವಾಪಸ್ ಕೊಟ್ಟ ಹಾಗಾಯಿತು. ಉಳಿದದ್ದು ಏನು? ನಾಣ್ಯ ಮಾಡಿದ 30 ಸೆಂಟ್, ಕಾರ್ಡ್ ಶುಲ್ಕ, ಪಾರ್ಸೆಲ್ ಖರ್ಚು, ಇವೆಲ್ಲ ಶುದ್ಧ ನಷ್ಟ. ಮೇಲೆ ಅದನ್ನು ಕಾಯುವ ತಿಜೋರಿಯ ಖರ್ಚು ಬೇರೆ.

ಖರ್ಚು ಮಾಡಿದ ನಾಣ್ಯವಾದರೂ ಜನರ ಕೈಯಲ್ಲಿ ಉಳಿಯಿತಲ್ಲ, ಅದಕ್ಕೆ ಈ ನಷ್ಟ ತಟ್ಟುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಬಹುಪಾಲು ಉಳಿಯಲಿಲ್ಲ. ಯಾಕೆ ಅಂತ ನೋಡಲು ಅಮೆರಿಕದ ಅಂಗಡಿಯ ಗಲ್ಲಾಪೆಟ್ಟಿಗೆ ಒಮ್ಮೆ ತೆಗೆದು ನೋಡಿದರೆ ಸಾಕು. ಪೆನ್ನಿ, ನಿಕ್ಕಲ್, ಡೈಮ್, ಕ್ವಾರ್ಟರ್ (1, 5, 10, 25 ಸೆಂಟ್) ಅಂತ ನಾಲ್ಕು ನಾಣ್ಯಕ್ಕೆ ನಾಲ್ಕು ಗುಂಡಿ. ಡಾಲರ್ ನಾಣ್ಯಕ್ಕೆ ಅಂತ ಸಾಮಾನ್ಯವಾಗಿ ಜಾಗ ಬಿಟ್ಟಿರುವುದಿಲ್ಲ. ಕ್ಯಾಷಿಯರ್ ಅದನ್ನು ತಗೊಂಡು ತಟ್ಟೆಯ ಕೆಳಗೆ ಎಲ್ಲೋ ಹಾಕುತ್ತಾರೆ. ಮುಂದಿನ ಗಿರಾಕಿಗೆ ಮೂರು ಡಾಲರ್ ಚಿಲ್ಲರೆ ಕೊಡಬೇಕಾದಾಗ ಕೈ ಹೋಗುವುದು ನೋಟಿನ ಕಡೆಗೆ. ಕೊಟ್ಟರೂ ಗಿರಾಕಿ 'ನೋಟು ಇಲ್ಲವಾ' ಅನ್ನುತ್ತಾರೆ. ಸಂಜೆ ಗಲ್ಲಾ ಎಣಿಸಿದಾಗ ಆ ನಾಣ್ಯಗಳೆಲ್ಲ ಬ್ಯಾಂಕಿನ ಚೀಲಕ್ಕೆ ಬೀಳುತ್ತವೆ. ಅಲ್ಲಿಂದ ಮುಂದೆ ಅದೇ ತಿಜೋರಿ. ಗಿರಾಕಿ ಎಷ್ಟೇ ನಿಯತ್ತಿನಿಂದ ಖರ್ಚು ಮಾಡಲಿ, ನಾಣ್ಯ ಒಂದು ಸಲ ಕೈ ಬದಲಾಯಿಸಿ ಮನೆಗೆ ವಾಪಸ್. ಬ್ಯಾಂಕಿಗೆ ನೇರ ಕಟ್ಟಿದವರಿಗೂ ಇವರಿಗೂ ನಡುವೆ ಕೆಲವು ದಿನಗಳ ವ್ಯತ್ಯಾಸ, ಅಷ್ಟೇ. ಬರೀ ಕೊಂಡುಕೊಳ್ಳುವವರನ್ನು ಹುರಿದುಂಬಿಸಿ ನಾಣ್ಯ ಓಡಿಸಲು ಆಗುವುದಿಲ್ಲ. ಅದನ್ನು ಚಿಲ್ಲರೆಯಾಗಿ ವಾಪಸ್ ಕೊಡುವವರು ಬೇಕು. ನೋಟು ಪಕ್ಕದಲ್ಲೇ ಇರುವವರೆಗೆ ಅವರಿಗೆ ಆ ದರ್ದಿಲ್ಲ.

ಇದಕ್ಕೆ ಅಪವಾದ ಅಂದರೆ ಯಂತ್ರಗಳು. ನ್ಯೂಯಾರ್ಕ್ ಮೆಟ್ರೊದ ಟಿಕೆಟ್ ಯಂತ್ರಗಳು ಚಿಲ್ಲರೆಗೆ ಡಾಲರ್ ನಾಣ್ಯ ಉದುರಿಸುತ್ತಿದ್ದವು, ಬೇಕು ಬೇಡ ಅಂತ ಕೇಳುತ್ತಿರಲಿಲ್ಲ. ಇನ್ನೊಂದು ಅಪವಾದ ದೇಶದ ಹೊರಗಿದೆ. ದಕ್ಷಿಣ ಅಮೆರಿಕದ ಈಕ್ವೆಡಾರ್ 2000ದಲ್ಲಿ ತನ್ನ ಹಣ ಸುಕ್ರೆಯನ್ನು ಬಿಟ್ಟು ಅಮೆರಿಕದ ಡಾಲರನ್ನೇ ಹಿಡಿಯಿತು. ಅಲ್ಲಿನ ಸಂತೆ, ಬಸ್ಸುಗಳಲ್ಲಿ ಒಂದು ಡಾಲರ್ ನೋಟು ಕೈಯಿಂದ ಕೈಗೆ ಹೋಗಿ ಬೇಗ ಹರಿದು ಕೊಳಕಾಗುತ್ತದೆ, ಹೊಸ ನೋಟು ಸುಲಭಕ್ಕೆ ಬರುವುದಿಲ್ಲ. ಹಾಗಾಗಿ ಅಮೆರಿಕನ್ನರು ಬೇಡ ಅಂದ ಸಕಾಗವಿಯ ನಾಣ್ಯ ಅಲ್ಲಿ ದಿನಬಳಕೆಯ ದುಡ್ಡಾಯಿತು. ಅದೇ ನಾಣ್ಯ, ಅದೇ ತೂಕ. ಅಲ್ಲಿ ಯಾರಿಗೂ ಮೈಲು ಕೊಡಬೇಕಾಗಲಿಲ್ಲ.

ಟಂಕಸಾಲೆಗೆ ಇದು ಗೊತ್ತಾಗಲಿಲ್ಲ ಅಂತಲ್ಲ. ಪೆಟ್ಟಿಗೆ ಒಡೆಯದೆ, ತನ್ನದೇ ಕಾಗದ ಸುತ್ತಿದ ಹಾಗೇ ನಾಣ್ಯಗಳು ಬ್ಯಾಂಕಿಗೆ ಬರುತ್ತಿವೆ ಅನ್ನುವುದು 2009ರಲ್ಲೇ ಗೊತ್ತಾಯಿತು. ಒಬ್ಬರು ಎಷ್ಟು ಕೊಳ್ಳಬಹುದು ಅನ್ನುವುದಕ್ಕೆ ಮಿತಿ ಹಾಕಿತು. ಬಂದ ಕೂಡಲೇ ಬ್ಯಾಂಕಿಗೆ ಕಟ್ಟಿದರೆ ಯೋಜನೆಯ ಉದ್ದೇಶ ಈಡೇರುವುದಿಲ್ಲ ಅಂತ ಆರ್ಡರ್ ಮಾಡುವ ಜಾಗದಲ್ಲೇ ಬರೆದು ಒಪ್ಪಿಗೆ ಕೇಳಿತು. ಬುದ್ಧಿಮಾತಿಗೆ ಯಾರು ಹೆದರುತ್ತಾರೆ? ಕಾನೂನು ಮುರಿಯುವ ಪ್ರಶ್ನೆಯೇ ಇರಲಿಲ್ಲ. ನನ್ನ ದುಡ್ಡು, ನನ್ನ ನಾಣ್ಯ, ನನ್ನ ಬ್ಯಾಂಕು. 2011ರ ಬೇಸಿಗೆಯಲ್ಲಿ ಎನ್‌ಪಿಆರ್ ರೇಡಿಯೊ ಫೆಡರಲ್ ರಿಸರ್ವ್‌ನ ತಿಜೋರಿಗಳಲ್ಲಿ ನೂರು ಕೋಟಿಗೂ ಜಾಸ್ತಿ ಡಾಲರ್ ನಾಣ್ಯ ಸುಮ್ನೆ ಬಿದ್ದಿದೆ ಅಂತ ಸುದ್ದಿ ಮಾಡಿತು, ಹಿಂದೆಯೇ ಈ ಮೈಲಿನ ಆಟವನ್ನೂ ಬಯಲಿಗೆ ತಂದಿತು. ಜುಲೈ 22ರಿಂದ ಟಂಕಸಾಲೆ ಈ ಯೋಜನೆಗೆ ಕ್ರೆಡಿಟ್, ಡೆಬಿಟ್ ಕಾರ್ಡ್ ಎರಡನ್ನೂ ನಿಲ್ಲಿಸಿತು. ಅಷ್ಟು ದಿನದ ಉಪದೇಶಕ್ಕೆ ಆಗದ ಕೆಲಸ ಒಂದೇ ದಿನದಲ್ಲಿ ಆಯಿತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ತಿಜೋರಿಗಳು ತುಂಬಿದ್ದು ಮೈಲು ಬೇಟೆಗಾರರಿಂದ ಅಂತ ಹಲವರು ತಿಳಿದುಕೊಂಡಿದ್ದಾರೆ. ಹಾಗಲ್ಲ. ತುಂಬಿಸಿದ್ದು ಮುಖ್ಯವಾಗಿ ಕಾನೂನೇ. ವರ್ಷಕ್ಕೆ ನಾಲ್ಕು ಹೊಸ ಅಧ್ಯಕ್ಷರು ಬರಲೇಬೇಕು, ಪ್ರತಿ ಸಲವೂ ಬ್ಯಾಂಕುಗಳಿಗೆ ಆ ಹೊಸ ಮುಖದ ನಾಣ್ಯವೇ ಸಿಗಬೇಕು. ತಿಜೋರಿಯಲ್ಲಿ ಹಳೇ ಅಧ್ಯಕ್ಷರು ಕೋಟಿಗಟ್ಟಲೆ ಕೂತಿದ್ದರೂ ಹೊಸಬರನ್ನು ಅಚ್ಚು ಹಾಕಬೇಕು. ಸಂಗ್ರಹಕಾರರು ಒಂದೆರಡು ಸುರುಳಿ ತಗೊಳ್ಳುತ್ತಾರೆ, ಉಳಿದದ್ದೆಲ್ಲ ವಾಪಸ್. ಅಚ್ಚಾದ ಅಧ್ಯಕ್ಷರ ನಾಣ್ಯಗಳಲ್ಲಿ 40 ಪರ್ಸೆಂಟ್‌ಗಿಂತ ಜಾಸ್ತಿ ಫೆಡರಲ್ ರಿಸರ್ವ್‌ಗೇ ಮರಳಿತ್ತು. 2011ರ ಡಿಸೆಂಬರ್‌ನಲ್ಲಿ ಆಗಿನ ಉಪಾಧ್ಯಕ್ಷ ಜೋ ಬೈಡನ್, ಖಜಾನೆ ಕಾರ್ಯದರ್ಶಿ ತಿಮೊತಿ ಗೈಟ್ನರ್ ಇನ್ನು ಚಲಾವಣೆಗೆ ಅಂತ ಈ ನಾಣ್ಯ ಹಾಕುವುದಿಲ್ಲ ಅಂತ ಘೋಷಿಸಿದಾಗ ತಿಜೋರಿಯಲ್ಲಿ ಸುಮಾರು 140 ಕೋಟಿ ನಾಣ್ಯ ಇತ್ತು. ಇದರಿಂದ ವರ್ಷಕ್ಕೆ 5 ಕೋಟಿ ಡಾಲರ್ ಉಳಿಯುತ್ತದೆ ಅಂದರು. ಮೈಲು ಬೇಟೆಗಾರರು ಈ ರೋಗದ ಒಂದು ಲಕ್ಷಣ ಮಾತ್ರ. ಅವರನ್ನು ಬೈದು ಸಂಸತ್ತನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ನೋಟನ್ನೇ ನಿಲ್ಲಿಸಿಬಿಟ್ಟಿದ್ದರೆ? ಬೇರೆ ದೇಶಗಳು ಮಾಡಿದ್ದು ಅದನ್ನೇ. ಕೆನಡಾ 1987ರಲ್ಲಿ ಡಾಲರ್ ನಾಣ್ಯ ತಂದು 1989ರಲ್ಲಿ ನೋಟು ನಿಲ್ಲಿಸಿತು. ಬ್ರಿಟನ್ 1983ರಲ್ಲಿ ಪೌಂಡ್ ನಾಣ್ಯ ತಂದು 1988ರಲ್ಲಿ ನೋಟು ಹಿಂದಕ್ಕೆ ತಗೊಂಡಿತು. ಜನ ಸ್ವಲ್ಪ ದಿನ ಗೊಣಗಿದರು, ಆಮೇಲೆ ಜೇಬಿನಲ್ಲಿ ನಾಣ್ಯ ಝಣಝಣ ಅನ್ನಿಸಿಕೊಂಡು ಓಡಾಡಿದರು. ಅಮೆರಿಕದಲ್ಲಿ ಇದು ರಾಜಕೀಯದ ವಿಷಯ. ನೋಟಿನ ಕಾಗದ ಮಾಡುವ ಕ್ರೇನ್ ಕಂಪನಿ ಇರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಆ ರಾಜ್ಯದ ಸಂಸದರಿಗೆ ನೋಟು ಬೇಕು. ನಾಣ್ಯಕ್ಕೆ ತಾಮ್ರ ಬೇಕು, ತಾಮ್ರದ ಗಣಿಗಳಿರುವುದು ಅರಿಜೋನಾದಲ್ಲಿ. 2011ರಲ್ಲಿ ನೋಟು ಕೈಬಿಟ್ಟು ನಾಣ್ಯ ತರುವ ಮಸೂದೆ ಮಂಡಿಸಿದ ಡೇವಿಡ್ ಶ್ವೈಕರ್ಟ್ ಅರಿಜೋನಾದವರೇ. ಯಾವುದೂ ಮುಂದೆ ಹೋಗಲಿಲ್ಲ.

ನಮ್ಮ ಕಡೆಯ ಓದುಗರಿಗೆ ಇದೆಲ್ಲ ಪೂರ್ತಿ ಅಪರಿಚಿತ ಅಲ್ಲ. ಹತ್ತು ರೂಪಾಯಿ ನಾಣ್ಯ ಕೊಟ್ಟು 'ಇದು ನಡೆಯಲ್ಲ ಸಾರ್, ನೋಟು ಕೊಡಿ' ಅನ್ನಿಸಿಕೊಂಡವರು ಕರ್ನಾಟಕದಲ್ಲಿ ಎಷ್ಟು ಜನ ಇಲ್ಲ! 2018ರ ಜನವರಿಯಲ್ಲಿ ಆರ್‌ಬಿಐ 14 ವಿನ್ಯಾಸಗಳೂ ಸಾಚಾ, ಎಲ್ಲವೂ ನಡೆಯುತ್ತವೆ ಅಂತ ಪ್ರಕಟಣೆ ಕೊಡಬೇಕಾಯಿತು. ಆಮೇಲೂ ಅಂಗಡಿಯವರು ಪೂರ್ತಿ ನಂಬಲಿಲ್ಲ. ಇಲ್ಲೂ ನೋಟು, ನಾಣ್ಯ ಎರಡೂ ಒಟ್ಟಿಗೆ ಇವೆ, ತಗೊಂಡದ್ದನ್ನು ಮುಂದಿನವರು ತಗೊಳ್ಳುತ್ತಾರೋ ಇಲ್ಲವೋ ಅನ್ನುವ ಅನುಮಾನವೇ ನಾಣ್ಯವನ್ನು ನಿಲ್ಲಿಸುತ್ತದೆ.

ಕಾರ್ಡಿನ ಆಟವೂ ಇಲ್ಲಿ ಬೇರೆ ವೇಷದಲ್ಲಿ ನಡೆದಿದೆ. ಕ್ರೆಡಿಟ್ ಕಾರ್ಡಿನಿಂದ ಮೊಬೈಲ್ ವಾಲೆಟ್‌ಗೆ ದುಡ್ಡು ಹಾಕು, ವಾಲೆಟ್‌ನಿಂದ ಬ್ಯಾಂಕಿಗೆ ಕಳಿಸು, ಅದರಲ್ಲೇ ಬಿಲ್ ಕಟ್ಟು. ನಾಣ್ಯವೂ ಇಲ್ಲ, ಸೊಂಟವೂ ನೋಯುವುದಿಲ್ಲ. 2017ರ ಮಾರ್ಚ್‌ನಲ್ಲಿ ಪೇಟಿಎಂ ಇದೇ ಕಾರಣ ಹೇಳಿ ಕ್ರೆಡಿಟ್ ಕಾರ್ಡಿನಿಂದ ವಾಲೆಟ್ ತುಂಬಿದರೆ ಎರಡು ಪರ್ಸೆಂಟ್ ಶುಲ್ಕ ಅಂತ ಘೋಷಿಸಿತು, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ತಗೊಂಡಿತು. ಆಮೇಲೆ ಬಂದದ್ದು ಕಾರ್ಡಿನಲ್ಲಿ ಮನೆ ಬಾಡಿಗೆ ಕಟ್ಟುವುದು. ಬೆಂಗಳೂರಿನಲ್ಲಿ ಇದನ್ನು ಕೇಳದ ಟೆಕ್ಕಿ ಇಲ್ಲ ಅನ್ನಬಹುದು. ನಿಜವಾದ ಮನೆ ಮಾಲೀಕರಿಗೆ ಕಟ್ಟಿದವರು ಒಂದಷ್ಟು ಜನ, ಸ್ನೇಹಿತನನ್ನೇ ಮಾಲೀಕ ಅಂತ ತೋರಿಸಿ ದುಡ್ಡು ತಿರುಗಿಸಿದವರು ಇನ್ನಷ್ಟು ಜನ. ಕಾರ್ಡ್ ಕಂಪನಿಗಳು ಮೊದಲು ಶುಲ್ಕ ಹಾಕಿದವು, ಆಮೇಲೆ ಪಾಯಿಂಟ್ ಕಿತ್ತವು. 2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಪೇಮೆಂಟ್ ಅಗ್ರಿಗೇಟರ್‌ಗಳ (ವ್ಯಾಪಾರಿಗಳ ಪರವಾಗಿ ಗಿರಾಕಿಯ ದುಡ್ಡು ಪಡೆದು ತಲುಪಿಸುವ ಕಂಪನಿಗಳ) ನಿಯಮ ಬಿಗಿ ಮಾಡಿ, ಒಪ್ಪಂದ ಇರುವ ವ್ಯಾಪಾರಿಗೆ ಮಾತ್ರ ದುಡ್ಡು ಸಾಗಿಸಬೇಕು ಅಂದ ಮೇಲೆ ಆಪ್‌ಗಳು ಈ ಸೇವೆಯನ್ನೇ ಮುಚ್ಚತೊಡಗಿದವು. ಅಮೆರಿಕದ ಕಥೆಯಲ್ಲಿ ಶುಲ್ಕ ಸರ್ಕಾರ ಕಟ್ಟಿತು, ಇಲ್ಲಿ ಬಾಡಿಗೆದಾರರೇ ಕಟ್ಟಿಕೊಂಡರು. ಅದಕ್ಕೇ ಇಲ್ಲಿ ಮೊದಲಿನಿಂದಲೂ ಲಾಭ ತೆಳುವಾಗಿತ್ತು.

ಅಮೆರಿಕದಲ್ಲಿ ನಾಣ್ಯದ ದಾರಿ ಮುಚ್ಚಿದ ಮೇಲೆ ಬೇಟೆಗಾರರು ಗಿಫ್ಟ್ ಕಾರ್ಡ್ ಹಿಡಿದರು. ಕಾರ್ಡಿನಲ್ಲಿ ಗಿಫ್ಟ್ ಕಾರ್ಡ್ ಕೊಂಡು, ಗಿಫ್ಟ್ ಕಾರ್ಡಿನಲ್ಲಿ ಮನಿ ಆರ್ಡರ್ ಕೊಂಡು, ಮನಿ ಆರ್ಡರನ್ನು ಬ್ಯಾಂಕಿಗೆ ಕಟ್ಟುವುದು. ಒಂದು ದಂಪತಿ 2013 ಮತ್ತು 2014ರಲ್ಲಿ ಹೀಗೆ 60 ಲಕ್ಷ ಡಾಲರ್‌ಗೂ ಜಾಸ್ತಿ ಉಜ್ಜಿ 3 ಲಕ್ಷ ಡಾಲರ್‌ಗೂ ಮೀರಿ ಕ್ಯಾಶ್‌ಬ್ಯಾಕ್ ಗಳಿಸಿದರು. ಇದು ಆದಾಯ, ತೆರಿಗೆ ಕಟ್ಟಿ ಅಂತ ತೆರಿಗೆ ಇಲಾಖೆ ಕೇಳಿತು. 2021ರ ಫೆಬ್ರವರಿಯಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಬಹುಪಾಲು ದಂಪತಿಯ ಪರವಾಗಿ ಹೇಳಿತು: ಗಿಫ್ಟ್ ಕಾರ್ಡ್ ಒಂದು ವಸ್ತು, ವಸ್ತು ಕೊಂಡಾಗ ಸಿಗುವ ಪಾಯಿಂಟ್ ಅಂದರೆ ಬೆಲೆಯಲ್ಲಿ ರಿಯಾಯಿತಿ, ರಿಯಾಯಿತಿಗೆ ತೆರಿಗೆ ಇಲ್ಲ. ಆದರೆ ಕ್ರೆಡಿಟ್ ಕಾರ್ಡಿನಿಂದ ನೇರವಾಗಿ ಮನಿ ಆರ್ಡರ್ ಕೊಂಡದ್ದಕ್ಕೆ, ಡೆಬಿಟ್ ಕಾರ್ಡಿಗೆ ದುಡ್ಡು ತುಂಬಿದ್ದಕ್ಕೆ ಬಂದ ಪಾಯಿಂಟ್ ಮಾತ್ರ ಆದಾಯವೇ, ಯಾಕೆಂದರೆ ಅವು ವಸ್ತುವಲ್ಲ, ನಗದಿಗೆ ಸಮ. ಡಾಲರ್ ನಾಣ್ಯದ ಪ್ರಶ್ನೆ ಅಲ್ಲಿ ಬರಲಿಲ್ಲ. ಬಂದಿದ್ದರೆ ಎರಡನೇ ಗುಂಪಿಗೇ ಬೀಳುತ್ತಿತ್ತು ಅನ್ನುವುದು ನನ್ನ ಊಹೆ. ಅದು ನಗದಿಗೆ ಸಮ ಅಲ್ಲ, ನಗದೇ.

ಇಷ್ಟರ ನಡುವೆ ನಾಣ್ಯದ ಪರವಾಗಿದ್ದ ದೊಡ್ಡ ವಾದವೂ ಸದ್ದಿಲ್ಲದೆ ಬಿದ್ದುಹೋಯಿತು. ನೋಟು ತೆಗೆದು ನಾಣ್ಯ ತಂದರೆ 30 ವರ್ಷದಲ್ಲಿ 550 ಕೋಟಿ ಡಾಲರ್ ಉಳಿಯುತ್ತದೆ ಅಂತ ಅಮೆರಿಕದ ಸಂಸತ್ತಿನ ಲೆಕ್ಕ ಪರಿಶೀಲನಾ ಸಂಸ್ಥೆ ಜಿಎಒ 2011ರಲ್ಲಿ ಹೇಳಿತ್ತು. ಅದೇ ಸಂಸ್ಥೆ 2019ರಲ್ಲಿ ಮತ್ತೆ ಕೂಡಿ ಕಳೆದು, ಉಳಿಯುವುದಿರಲಿ, ನಷ್ಟವೇ ಆಗುತ್ತದೆ ಅಂದಿತು. ಕಾರಣ, ಒಂದು ಡಾಲರ್ ನೋಟಿನ ಆಯುಸ್ಸು 3.3 ವರ್ಷದಿಂದ 7.9 ವರ್ಷಕ್ಕೆ ಏರಿತ್ತು. ಜನ ಕಾರ್ಡ್ ಬಳಸುವುದು ಜಾಸ್ತಿಯಾಗಿತ್ತು, ನೋಟು ಕೈಯಿಂದ ಕೈಗೆ ಓಡಾಡುವುದು ಕಡಿಮೆಯಾಗಿತ್ತು. ನಾಣ್ಯ ಹಂಚಲು ಟಂಕಸಾಲೆ ಯಾವ ಕಾರ್ಡನ್ನು ಒಪ್ಪಿಕೊಂಡಿತ್ತೋ ಆ ಕಾರ್ಡೇ ನಾಣ್ಯದ ಅಗತ್ಯವನ್ನೂ ಕರಗಿಸುತ್ತಿತ್ತು.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಗೆ ಅಂತ ಕೊನೆಯ ಪೆನ್ನಿಗಳನ್ನು ಅಚ್ಚು ಹಾಕಿದರು. ಒಂದು ಸೆಂಟಿನ ನಾಣ್ಯ ಮಾಡಲು 3.69 ಸೆಂಟ್ ಖರ್ಚಾಗುತ್ತಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಇನ್ನು ಒಂದು ಗುಂಡಿ ಖಾಲಿಯಾಗುತ್ತದೆ, ಡಾಲರ್ ನಾಣ್ಯಕ್ಕೆ ಕೊನೆಗೂ ಜಾಗ ಸಿಕ್ಕಿತು ಅಂತ ಯಾರಾದರೂ ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ನೋಟು ಇನ್ನೂ ಅಚ್ಚಾಗುತ್ತಲೇ ಇದೆ, ಚಿಲ್ಲರೆ ಕೇಳುವ ಗಿರಾಕಿಗಳೇ ಕಡಿಮೆಯಾಗುತ್ತಿದ್ದಾರೆ. ಟಂಕಸಾಲೆ ಈಗಲೂ ಡಾಲರ್ ನಾಣ್ಯ ಹಾಕುತ್ತದೆ, ಸಂಗ್ರಹಕಾರರಿಗೆ ಅಂತ. ಬೇಕಿದ್ದರೆ ಕಾರ್ಡಿನಲ್ಲೇ ಕೊಳ್ಳಬಹುದು. ಆದರೆ 25 ನಾಣ್ಯದ ಸುರುಳಿಗೆ 25 ಡಾಲರಿಗಿಂತ ಸಾಕಷ್ಟು ಜಾಸ್ತಿ ಕೊಡಬೇಕು. ಒಂದು ಪರ್ಸೆಂಟ್ ಪಾಯಿಂಟಿಗೆ ಅದು ಗಿಟ್ಟುವುದಿಲ್ಲ.